ಏಳನೇ ಬಾವಿಯ ಹೆಣ್ಣು

ಮೊದಲ ಡಬ್ಬಿಯ ಮುಚ್ಚಳ ಕಿತ್ತು ಬಂದೊಡನೆ ಜೈತುನ್ ಬೀ ಬಗ್ಗಿ ಮೂಸಿ ನೋಡಿದಳು.

ಸುಟ್ಟ ಬಟ್ಟೆಯ ವಾಸನೆ. ಬೇರೇನಿಲ್ಲ.

"ಇನ್ನೊಂದು ತೆಗೀರಿ, ಸಾಹೇಬ್ರ."

ಪಿಎಸ್‌ಐ ಹುಲುಗೇಶ್ ಕರಕಲಾದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡನೇ ಡಬ್ಬಿಯ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದ. ಅಂಗಿಯ ತೋಳು ಮಸಿಯಾಗಿತ್ತು. ಹಿಂದೊಮ್ಮೆ ತನ್ನ ಜೊತೆ ಬಂದೋಬಸ್ತ್ ಮಾಡಿದ ಹೆಂಗಸು, ಈಗ ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಒಂದು ಸಲ ತಾನೇ ಕಣ್ಣಾರೆ ನೋಡಿ ಸಮಾಧಾನ ಮಾಡಿಕೊಳ್ಳಲಿ ಎಂದು ಕರೆತಂದಿದ್ದ. ಸಮಾಧಾನದ ಲಕ್ಷಣ ಕಾಣುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿಯ ಮಯೂರಿ ಟಾಕೀಸು ಮುಚ್ಚಿ ವರ್ಷಗಳೇ ಆಗಿದ್ದವು. ಶುಕ್ರವಾರ ಮಧ್ಯಾಹ್ನ ಅದರ ಪ್ರೊಜೆಕ್ಟರ್ ರೂಮಿಗೆ ಬೆಂಕಿ ಬಿದ್ದು, ಒಳಗಿದ್ದ ಹಳೇ ಆಪರೇಟರ್ ರಹಿಮಾನ್ ಮೈಯೆಲ್ಲ ಬೆಂದು ಹೊಸಪೇಟೆಯ ಆಸ್ಪತ್ರೆ ಸೇರಿದ್ದ. ಜೈತುನ್ ಬೀಗೆ ಅವನು ಒಡಹುಟ್ಟಿದ ಅಣ್ಣ.

"ಹಳೇ ರೀಲು ಅಂದ್ರ ಪೆಟ್ರೋಲ್ ಇದ್ದಂಗ. ಮುದುಕ ಬೀಡಿ ಹಚ್ಚ್ಯಾನ, ಭಗ್ ಅಂದೈತಿ." ಊರೆಲ್ಲ ಇದೇ ಮಾತು. ಅದು ಕಿವಿಗೆ ಬಿದ್ದಾಗಿನಿಂದ ಜೈತುನ್ ಬೀಯ ಹೊಟ್ಟೆಯಲ್ಲಿ ಕೆಂಡ ಕೂತಿತ್ತು. ರಹಿಮಾನ್ ಎಲೆ ಅಡಿಕೆ ಹಾಕುತ್ತಿದ್ದವನು; ಬೀಡಿ ಮುಟ್ಟಿದವನಲ್ಲ. ಆಯುಧಪೂಜೆಯ ದಿನ ಪ್ರೊಜೆಕ್ಟರಿನ ಮುಂದೆ ಊದುಬತ್ತಿ ಹಚ್ಚಲು ಬಂದ ಮಾಲೀಕನ ಕೈಯಿಂದಲೇ ಅದನ್ನು ಕಸಿದು ಹೊರಗೆ ನೆಟ್ಟು ಬಂದಿದ್ದವನು.

ಎರಡನೇ ಡಬ್ಬಿಯೂ ಬಾಯಿ ಬಿಟ್ಟಿತು. ಜೈತುನ್ ಒಳಗಿನದನ್ನು ಬೆರಳಲ್ಲಿ ಕೆದಕಿದಳು. ಕಪ್ಪಗಿನ ಪದರ ಪದರವಾದ ಬೂದಿ. ನಡುವೆ ಅಂಗೈಯಷ್ಟು ಸುಡದೆ ಉಳಿದ ದಪ್ಪ ಬಟ್ಟೆ. ಅದರ ಮೇಲೆ ನೀಲಿ ಬಣ್ಣ, ಬಿಳಿ ಮೋಡದ ತುದಿ.

"ಇದು ಏನಂತ ಗೊತ್ತಾತೇನ್ರಿ?"

"ಬಟ್ಟಿ."

"ನಾಟಕದ ಪರದಿ. ಸಿನಿಮಾ ರೀಲಲ್ಲ."

ಹುಲುಗೇಶ್ ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ಮೀಟಿದ. ಎಲ್ಲದರಲ್ಲೂ ಅದೇ ಬೂದಿ, ಅದೇ ಪರದೆ.

ಆ ಡಬ್ಬಿಗಳಲ್ಲಿ ಇರಬೇಕಾಗಿದ್ದದ್ದು ಎಂಬತ್ತರ ದಶಕದಲ್ಲಿ ಬಲ್ಗೇರಿಯಾದವರು ಕೂಡ್ಲಿಗಿ, ಹೊಸಹಳ್ಳಿ ಸೀಮೆಗೆ ಬಂದು ತೆಗೆದ 'ಏಳನೇ ಬಾವಿ' ಎಂಬ ಸಿನಿಮಾ. ಬರಗಾಲದ ಊರಿಗೆ ಬೋರು ಕೊರೆಯಲು ಬರುವ ದೂರದೇಶದ ಎಂಜಿನಿಯರ್, ಇಲ್ಲಿ ನೀರು ಬೀಳುವುದಿಲ್ಲ ಎಂದು ಅವನಿಗೆ ಮೊದಲ ದಿನವೇ ಹೇಳುವ ಊರ ಹೆಂಗಸು. ಇಷ್ಟೇ ಕಥೆ. ಎಂಜಿನಿಯರಾದವನು ಹ್ರಿಸ್ತೋ ದ್ರಾಗಾನೋವ್, ಆ ದೇಶದ ರಂಗಭೂಮಿಯಲ್ಲಿ ದೊಡ್ಡ ಹೆಸರು. ಹೆಂಗಸಾದವಳು ಇಲ್ಲಿಯ ನಾಟಕ ಕಂಪನಿಯ ನಟಿ. ಕಪ್ಪು ಸಮುದ್ರದ ದಂಡೆಯ ಉತ್ಸವವೊಂದರಲ್ಲಿ ಆ ನಟಿಗೆ ಪ್ರಶಸ್ತಿಯೂ ಬಂದಿತ್ತು. ಆಮೇಲೆ ಅಲ್ಲಿ ಸರ್ಕಾರ ಉರುಳಿ, ಸ್ಟುಡಿಯೋ ಮುಚ್ಚಿ, ಮೂಲ ನೆಗೆಟಿವ್ ಹಾಳಾಯಿತು. ಲೋಕದಲ್ಲಿ ಉಳಿದದ್ದು ಈ ಒಂದೇ ಪ್ರಿಂಟು. ಅದನ್ನು ಒಯ್ದು ಹೊಸದು ಮಾಡಲು ಆ ದೇಶದ ರಾಜಧಾನಿ ಸೋಫಿಯಾದಿಂದ ದೆಸಿಸ್ಲಾವಾ ಎಂಬಾಕೆ ಮುಂದಿನ ವಾರ ಬರುವವಳಿದ್ದಳು.

"ನಿನ್ನೆ ಆ ಹೆಣಮಗಳ ಜೋಡಿ ಮಾತಾಡೀನಿ," ಎಂದಳು ಜೈತುನ್. "ರಹಿಮಾನಣ್ಣನ ಮಗಳು ನಯೀಮ ಇಂಗ್ಲಿಷ್ ಟೀಚರ್, ಆಕಿ ತಿಳಿಸಿ ಹೇಳಿದ್ಲು. ಆ ಕಾಲದ ರೀಲು ಹಂಗ ಭಗ್ ಅಂತ ಉರಿಯಂಗಿಲ್ಲಂತ. ಭಗ್ ಅನ್ನೋದು ಅದಕೂ ಹಿಂದಿನ ಕಾಲದ್ದು. ಇದು ಸುಟ್ರ ಕರಗಿ ಮುದ್ದಿ ಆಗಿ ತಳಕ್ಕ ಹತ್ತತೈತಿ. ಇಟ್ಟಲ್ಲೇ ಹಳೇದಾದ್ರ ಹುಳಿಹುಳಿ ವಾಸನಿ ಬರತೈತಿ. ಇಲ್ಲಿ ಮುದ್ದಿ ಎಲ್ಲೈತ್ರಿ? ಹುಳಿ ವಾಸನಿ ಎಲ್ಲೈತಿ?"

"ಅಂದ್ರ ರೀಲು ಮೊದ್ಲೇ ಹೊರಗ ಹೋಗ್ಯಾವು."

"ಹೋಗ್ಯಾವು. ಬೆಂಕಿ ಆಮ್ಯಾಲೆ ಬಿದ್ದೈತಿ. ಬಾಗಿಲ ನೋಡ್ರಿ."

ಬಾಗಿಲು, ಬೆಂಕಿ ಆರಿಸಲು ಬಂದ ಕೂಲಿಯಾಳುಗಳು ಹೊಗೆಯಲ್ಲಿ ಕಣ್ಣು ಕಾಣದೆ ಹಾರೆಯಿಂದ ಎಬ್ಬಿಸಿ ಕೆಡವಿದಂತೆಯೇ ಬಿದ್ದಿತ್ತು. ಹೊರಮೈಯ ಕಬ್ಬಿಣದ ಚಿಲಕವನ್ನು ಜೈತುನ್ ಹಿಂದಕ್ಕೆ ಎಳೆದಳು. ಸರಳಿನ ತುದಿಯ ಭಾಗ, ಚೌಕಟ್ಟಿನ ಬಳೆಯೊಳಗೆ ಕೂರುವಷ್ಟು ಉದ್ದ, ಬೆಳ್ಳಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಮಸಿ.

ಬೆಂಕಿ ಉರಿಯುವಾಗ ಚಿಲಕ ಬಿದ್ದೇ ಇತ್ತು. ಹೊರಗಿನಿಂದ.

"ಬೀಡಿ ಸೇದೋನು ಹೊರಗಿನ ಚಿಲಕ ಹಾಕ್ಕೊಂಡು ಒಳಗ ಕುಂದ್ರತಾನೇನ್ರಿ?" ಎಂದಳು. ದನಿ ಏರಿರಲಿಲ್ಲ. ಸಿಟ್ಟು ಬಂದಷ್ಟೂ ಅವಳ ದನಿ ಇಳಿಯುತ್ತಿತ್ತು. ಠಾಣೆಯಲ್ಲಿ ಕಳ್ಳರಿಗೂ ಗೊತ್ತಿದ್ದ ಸಂಗತಿ ಅದು. "ನಮ್ಮಣ್ಣನ್ನ ಸುಡಾಕ ಹಾಕ್ಯಾರ. ಸುಟ್ಟು, ತಪ್ಪೂ ಅವನ ಮ್ಯಾಲೇ ಹೊರಿಸ್ಯಾರ."

ಹುಲುಗೇಶ್ ಕೈ ಒರೆಸಿಕೊಂಡು ಎದ್ದ. "ಚಿಲಕ ನಾ ಬಿಚ್ಚಿಸಿ ಲ್ಯಾಬಿಗೆ ಕಳಸ್ತೀನಿ. ಇದು ಇನ್ನ ಬೀಡಿ ಕೇಸಲ್ಲ, ಅಕ್ಕಾರ. ಆದ್ರ ನೀವು ಯಾರ ಮನಿಗೂ ಹೋಗಬ್ಯಾಡ್ರಿ."

"ಆಯ್ತ್ರಿ," ಎಂದು ಜೈತುನ್ ಬೀ ಸ್ಕೂಟರ್ ಹತ್ತಿದಳು. ನೇರ ಕೂಡ್ಲಿಗಿಯ ದಾರಿ ಹಿಡಿದಳು.

*

ಗಾಳೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಣಿ ಹಾಸಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಹಣ್ಣು ಒಂದು ಕಡೆ, ಬೀಜ ಒಂದು ಕಡೆ. ಮುಖ ಸೊರಗಿತ್ತು, ಆದರೆ ತಲೆ ಎತ್ತಿ ನೋಡುವಾಗ ಆ ದೊಡ್ಡ ಕಣ್ಣುಗಳಲ್ಲಿ ಇನ್ನೂ ಏನೋ ಇತ್ತು. ನಾಟಕದ ಕೊನೆಯ ಸಾಲಿನಲ್ಲಿ ಕೂತವನಿಗೂ ತಾಗುವಂಥದ್ದು.

'ಏಳನೇ ಬಾವಿ'ಯಲ್ಲಿ ನಟಿಸಿದವಳು ತಾನೇ ಎಂದು ಈಕೆ ನಲವತ್ತು ವರ್ಷದಿಂದ ಹೇಳುತ್ತಿದ್ದಳು. ಯಾರೂ ನಂಬಿರಲಿಲ್ಲ. ಪ್ರಶಸ್ತಿಯ ಪದಕ ಕೊಟ್ಟೂರಿನ ಲಕ್ಷ್ಮಿದೇವಿಯ ಮನೆಯ ಗಾಜಿನ ಕಪಾಟಿನಲ್ಲಿತ್ತು. ಲಕ್ಷ್ಮಿದೇವಿಯೂ ನಾಟಕದ ನಟಿಯೇ. ಮೇಲಾಗಿ ಟಾಕೀಸಿನ ಮಾಲೀಕನ ಹೆಂಡತಿ. ಬಲ್ಗೇರಿಯಾದವರಿಗೆ ಊಟ, ವಸತಿ ನೋಡಿಕೊಂಡದ್ದು ಅವಳ ಗಂಡ. ಪದಕ ಬಂದದ್ದೂ ಅವನ ವಿಳಾಸಕ್ಕೇ. ಊರವರಿಗೆಂದು ಅವರು ಪ್ರೀತಿಯಿಂದ ಕಳಿಸಿದ ಪ್ರಿಂಟನ್ನು ಅವನು ಒಂದು ದಿನವೂ ತೆರೆಯ ಮೇಲೆ ಬಿಡಲಿಲ್ಲ. ರಹಿಮಾನ್ ಮಾತ್ರ ರೀಲು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ್ದ. ಯಾರ ಮುಖ ಎಂದು ಅವನಿಗೆ ಗೊತ್ತಿತ್ತು. ಸತ್ತ ಮಾಲೀಕನ ಋಣ ತೀರಿತು, ಇನ್ನು ಬಾಯಿ ಬಿಡುತ್ತೇನೆ ಎಂದು ಕಳೆದ ತಿಂಗಳಷ್ಟೇ ತಂಗಿಗೆ ಹೇಳಿದ್ದ.

"ಯಕ್ಕಾ, ರೀಲು ಸುಟ್ಟಿಲ್ಲ," ಎಂದಳು ಜೈತುನ್.

ಗಾಳೆಮ್ಮನ ಕೈ ನಿಂತಿತು. ಮತ್ತೆ ಬೀಜ ಬಿಡಿಸತೊಡಗಿತು.

"ಸುಟ್ರೇನು, ಉಳದ್ರೇನು ತಂಗಿ. ನನಗ ಆ ಸಿನಿಮಾ ಏನು ಕೊಟ್ಟೈತಿ? ದನಿ ಸುದ್ದಾ ನಂದಲ್ಲಂತ. ಅವರ ದೇಶದಾಗ ಇನ್ಯಾರೋ ಹೆಣಮಗಳು ನನ್ನ ತುಟಿಗೆ ದನಿ ಕೊಟ್ಟಾಳಂತ. ಮುಖ ಒಂದು ನಂದಿತ್ತು. ಅದನ್ನ ಕೊಟ್ಟೂರಾಕಿ ಇಟ್ಟುಕೊಂಡ್ಲು."

"ಬಿಡಾಂಗಿಲ್ಲ ನಾನು."

"ನಿನಗ್ಯಾಕ ಇಷ್ಟು ಸಿಟ್ಟು?"

"ನಿನಗ್ಯಾಕ ಇಲ್ಲ?"

ಗಾಳೆಮ್ಮ ನಗಲಿಲ್ಲ. ಅಳಲೂ ಇಲ್ಲ. "ಇತ್ತು," ಎಂದಳು. "ಬಾವಿ ಕಟ್ಟಿ ಮ್ಯಾಲಿನ ಸೀನು ಮಾಡೋ ದಿನ ಭಾಳ ಇತ್ತು. ನಾ ಒಂದು ಸಲ ಮಾಡಿದೆ. ಆ ಡೈರೆಕ್ಟರ್ ಮುದುಕ ಗದ್ದ ಮ್ಯಾಲೆ ಎತ್ತಿ ಗೋಣು ಹಾಕಿದ. ಭೇಷ್ ಅಂದ ಅಂತ ನಾ ಕೆಳಗ ಇಳದೆ. ಮತ್ತ ಹತ್ತಿಸಿದ್ರು. ಮತ್ತ ಮಾಡಿದೆ, ಮತ್ತ ಗೋಣು ಹಾಕಿದ, ಮತ್ತ ಹತ್ತಿಸಿದ್ರು. ಬಿಸಲಾಗ ಕಾಲು ಬೊಬ್ಬಿ ಎದ್ದಿದ್ವು. ನನ್ನ ಆಟ ಆಡಸಾಕತ್ಯಾರ ಅಂತ ಬೈದು ಅತ್ತುಬಿಟ್ಟೆ. ಆ ಹೀರೋ ಹ್ರಿಸ್ತೋ ಬಂದು ಕೈಸನ್ನಿ ಮಾಡಿ ತಿಳಿಸಿದ. ಅವರ ದೇಶದಾಗ ತಲಿ ಮ್ಯಾಲೆ ಎತ್ತಿದ್ರ ಒಲ್ಲೆ ಅಂತ. ಅಡ್ಡಡ್ಡ ಅಲ್ಲಾಡಿಸಿದ್ರ ಹೌದು ಅಂತ. ಆಮ್ಯಾಲೆ ಮಾಡಿದ್ದಾ ಸಿನಿಮಾದಾಗ ಇರೋದು. ಸಿಟ್ಟಿನ ಅಳು ಅದು. ಅದಕ್ಕಾ ಪದಕ ಬಂತು."

ಜೈತುನ್ ಬೀ ಆ ಮಾತನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು.

"ರಹಿಮಾನಗ ಮಾತು ಬಂತೇನು?" ಗಾಳೆಮ್ಮ ಕೇಳಿದಳು.

"ಇನ್ನಾ ಇಲ್ಲ. ನಯೀಮ ಒಬ್ಬಾಕಿ ಅದಾಳ ಅಲ್ಲಿ."

"ನಾ ಹೋಗ್ತೀನಿ. ಆ ಹುಡುಗಿ ಎಷ್ಟಂತ ನಿದ್ದಿಗೆಡ್ತಾಳ." ಗಾಳೆಮ್ಮ ಗೋಣಿ ಮಡಚಿ ಎದ್ದಳು. ಜೈತುನ್ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು, ಹೊಸಪೇಟೆ ಬಸ್ಸು ಹತ್ತಿಸಿಯೇ ಕೊಟ್ಟೂರಿನ ಕಡೆ ತಿರುಗಿದಳು.

*

ಕೊಟ್ಟೂರಿನ ಆ ಮನೆಯ ಪಡಸಾಲೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ, ಅಷ್ಟು ಫೋಟೊ. ಶಾಲು, ಹಾರ, ಮಂತ್ರಿಗಳು. ಮೂಲೆಯಲ್ಲಿ ಹೊಸ ಫ್ಲೆಕ್ಸಿನ ಸುರುಳಿ ಅರ್ಧ ಬಿಚ್ಚಿತ್ತು: 'ಬಲ್ಗೇರಿಯಾ ಪ್ರಶಸ್ತಿ ವಿಜೇತೆ ಶ್ರೀಮತಿ ಲಕ್ಷ್ಮಿದೇವಿಯವರಿಗೆ ನಾಗರಿಕ ಸನ್ಮಾನ.'

ಲಕ್ಷ್ಮಿದೇವಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಮಗ ಶ್ರೀನಾಥ, ಟಾಕೀಸಿನ ಈಗಿನ ಮಾಲೀಕ.

"ನಿಮ್ಮಣ್ಣನ ಸುದ್ದಿ ಕೇಳಿ ಕರಳು ಕಿತ್ತು ಬಂತು, ಜೈತುನ್ ಬೀ," ಎಂದಳು ಲಕ್ಷ್ಮಿದೇವಿ. "ಆಸ್ಪತ್ರಿ ಖರ್ಚು ನಾವು ನೋಡಿಕೋತೀವಿ."

"ಖರ್ಚಿಗೆ ಬಂದಿಲ್ರಿ, ಅಮ್ಮಾರ. ಅವನು ಜೀವಕ್ಕಿಂತ ಹೆಚ್ಚು ಕಾದಿದ್ದ ಸಿನಿಮಾ. ನಾ ನೋಡಿಲ್ಲ. ಹೆಂಗ ತೆಗೆದ್ರು ಅಂತ ನಿಮ್ಮ ಬಾಯಿಲೆ ಕೇಳಬೇಕು ಅನ್ನಿಸ್ತು."

ಲಕ್ಷ್ಮಿದೇವಿಯ ಮುಖ ಅರಳಿತು. ಎಷ್ಟೋ ವೇದಿಕೆಗಳಲ್ಲಿ ಹೇಳಿದ ಕಥೆ. ತಾನಾಗಿಯೇ ಬಾಯಿಗೆ ಬಂತು. ಹ್ರಿಸ್ತೋ ಸಾಹೇಬ ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣೀರು ಹಾಕಿದ್ದು. ಬೋರಿನ ಲಾರಿ ಮರಳಲ್ಲಿ ಹೂತದ್ದು. ಎಲ್ಲ ನಿಜವೇ ಇರಬೇಕು. ಅಡಿಗೆಮನೆಯಿಂದಲೂ ಅಷ್ಟು ಕಾಣುತ್ತದೆ.

"ಬಾವಿ ಕಟ್ಟಿ ಸೀನು?" ಜೈತುನ್ ಕೇಳಿದಳು.

"ಅದು ಒಂದೇ ಸಲಕ್ಕ ಆತು. ಡೈರೆಕ್ಟರಿಗೆ ನಮ್ಮ ಮಾತು ಬರ್ತಿರಲಿಲ್ಲ, ನನಗ ಅವರದು ಬರ್ತಿರಲಿಲ್ಲ. ನಾ ಅತ್ತು ಮುಗಿಸಿದ ಕೂಡ್ಲೆ ಅವರು ನನ್ನ ನೋಡಿ ಹಿಂಗ ಗೋಣು ಹಾಕಿದ್ರು." ಅವಳು ಗದ್ದ ಮೇಲೆತ್ತಿ, ನಿಧಾನಕ್ಕೆ ಇಳಿಸಿದಳು. "ಭೇಷ್ ಅಂದಂಗ. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗ ಬ್ಯಾರೆ ಇಲ್ಲ."

"ಹಿಂಗೇನ್ರಿ?" ಜೈತುನ್ ಹಾಗೆಯೇ ಮಾಡಿ ತೋರಿಸಿದಳು.

"ಹೂಂ."

"ಪಕ್ಕಾ ನೆನಪೈತೇನ್ರಿ?"

"ಅದನ್ನ ಹೆಂಗ ಮರೀಲಿ?"

"ಬಲ್ಗೇರಿಯಾದಾಗ ಹಂಗ ಗೋಣು ಹಾಕಿದ್ರ ಒಲ್ಲೆ ಅಂತ, ಅಮ್ಮಾರ." ಜೈತುನ್ ಬೀಯ ದನಿ ಪಡಸಾಲೆಯ ಫ್ಯಾನಿನ ಸದ್ದಿಗಿಂತ ಕೆಳಗಿಳಿದಿತ್ತು. "ಹೌದು ಅನ್ನಾಕ ಅವರು ಅಡ್ಡಡ್ಡ ಅಲ್ಲಾಡಸ್ತಾರ. ಇದೊಂದು ತಿಳೀದ ಗಾಳೆಮ್ಮ ಬಿಸಲಾಗ ನಿಂತು ಅತ್ತಾಳ. ಅವರ ಕ್ಯಾಮೆರಾ ಮುಂದ ಒಂದು ಹೊತ್ತು ನಿಂತಿದ್ರೂ ನಿಮಗ ಇದು ಗೊತ್ತಿರ್ತಿತ್ತು. ನೀವು ನಿಂತಿಲ್ಲ."

ಲಕ್ಷ್ಮಿದೇವಿಯ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು.

ಶ್ರೀನಾಥ ಎದ್ದು ನಿಂತ. "ನಮ್ಮ ಮನಿಯಾಗ ಕುಂತು ನಮ್ಮವ್ವನ್ನಾ ಕಳ್ಳಿ ಅಂತೀಯೇನು? ಎದ್ದು ಹೋಗು."

"ಕುಂದ್ರೋ ಶ್ರೀನಾಥ. ನಿನ್ನ ಸರದಿ ಈಗ." ಜೈತುನ್ ಕದಲಲಿಲ್ಲ. "ರೀಲಿನ ಡಬ್ಬಿಯಾಗ ನಾಟಕದ ಪರದಿ ಹರದು ತುಂಬ್ಯಾರ. ಹಳೇ ಕಂಪನಿ ಪರದಿ ಎಲ್ಲಾ ಇರೋದು ಟಾಕೀಸಿನ ಕೆಳಗಿನ ಗೋದಾಮಿನಾಗ. ಕೀಲಿ ನಿನ್ನ ಸೊಂಟದಾಗ. ನಮ್ಮಣ್ಣ ಒಳಗ ಇದ್ದಾಗ ಹೊರಗಿಂದ ಚಿಲಕ ಬಿದ್ದೈತಿ. ಅವನು ಬಾಗಿಲ ಬಡದಿರ್ತಾನ. ಬಡದೂ ಬಡದೂ ಅವನ ಅಂಗೈ ಚರ್ಮ ಬಾಗಲಕ್ಕ ಹತ್ತಿತ್ತು, ನೋಡೀನಿ ನಾನು. ಕೆಳಗ ನಿಂತು ಕೇಳಿದವರು ಯಾರು, ಅದನ್ನಷ್ಟ ಹೇಳು."

ಶ್ರೀನಾಥನ ಮುಖ ಬಿಳಿಚಿತು. "ಚಿಲಕದ ಸುದ್ದಿ ನನಗ ಗೊತ್ತಿಲ್ಲ," ಎಂದ. "ಕೀಲಿ ಒಂದು ರಹಿಮಾನಣ್ಣನ ಕಡೀನೂ ಇತ್ತು. ಖರೇ ಹೇಳ್ತೀನಿ."

"ಖರೇ ಅನ್ನೋ ಮಾತು ಈ ಮನಿಯಾಗ ಬ್ಯಾಡ."

"ಸಾಕು," ಎಂದಳು ಲಕ್ಷ್ಮಿದೇವಿ.

ಅವಳು ಎದ್ದು ಹೋಗಿ ಗಾಜಿನ ಕಪಾಟು ತೆಗೆದಳು. ಕಂದು ಬಣ್ಣದ ಸಣ್ಣ ಪದಕವನ್ನು ತಂದು ಟೀಪಾಯಿಯ ಮೇಲೆ ಇಟ್ಟಳು. ಅದರ ಮೇಲಿನ ಅಕ್ಷರ ಆ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

"ತಗೊಂಡು ಹೋಗು. ಇದು ನಂದಲ್ಲ. ಗಂಡ ತಂದು ಕೊರಳಿಗೆ ಹಾಕಿದ, ಹಾಕಿಸಿಕೊಂಡೆ. ಗಾಳೆಮ್ಮಗ ಸಹಿ ಮಾಡಾಕ ಬರ್ತಿರಲಿಲ್ಲ, ಈ ಊರಾಗ ಆಕಿನ್ನ ಯಾರು ಕುರ್ಚಿ ಹಾಕಿ ಕುಂದ್ರಸ್ತಿದ್ರು? ನಾ ಆ ಸಿನಿಮಾದ ಹೆಸರು ಉಳಿಸೀನಿ."

"ಹೆಸರು ಉಳಿಸೀರಿ. ಮನುಷಾಳನ್ನ ಹುಗದೀರಿ." ಜೈತುನ್ ಬೀ ಇಷ್ಟು ವರ್ಷದ ನೌಕರಿಯಲ್ಲಿ ಯಾರ ಮೇಲೂ ಕೈ ಎತ್ತಿದವಳಲ್ಲ. ಈಗ ಎತ್ತಬೇಕೆನಿಸಿತು. "ಆಕಿ ಹುಣಸಿಹಣ್ಣು ಬಿಡಿಸಿ ಹೊಟ್ಟಿ ಹೊರದಾಳ. ನೀವು ಆಕಿ ಅಳುವಿನ ಮ್ಯಾಲೆ ಶಾಲು ಹೊತ್ತೀರಿ. ಅದು ಹೊರಗ ಬರ್ತೈತಂದ ಕೂಡ್ಲೆ ನಮ್ಮಣ್ಣನ್ನ ಸುಟ್ಟೀರಿ."

"ಸುಟ್ಟಿಲ್ಲ." ಲಕ್ಷ್ಮಿದೇವಿ ಅವಳ ಕಣ್ಣನ್ನೇ ನೋಡಿದಳು. "ಶುಕ್ರವಾರ ನಾನೂ ಇವನೂ ಹರಪನಹಳ್ಳಿ ಕಾಲೇಜಿನ ಕಾರ್ಯಕ್ರಮದಾಗ ಇದ್ವಿ. ಸಾವಿರ ಮಂದಿ ನೋಡ್ಯಾರ. ಆಳು ಕಳಿಸೀವಿ ಅಂತೀಯ, ಅನ್ನು. ಆದ್ರ ಪೊಲೀಸ್ ನೌಕರಿ ಮಾಡಿದಾಕಿ ನೀನು, ಒಂದು ಮಾತು ಯೋಚನಿ ಮಾಡು. ಆ ರೀಲಿನಾಗ ಗಾಳೆಮ್ಮನ ಮುಖ ಐತಿ. ಅದು ಉಳದ್ರ ನಾ ಸತ್ತೆ. ನಾ ಬೆಂಕಿ ಹಚ್ಚಿಸಿದ್ರ ಮೊದ್ಲು ಸುಡತಿದ್ದದ್ದು ಯಾವುದು?"

ಜೈತುನ್ ಟೀಪಾಯಿಯ ಮೇಲಿನ ಪದಕವನ್ನು ನೋಡಿದಳು.

"ರೀಲು," ಎಂದಳು ಲಕ್ಷ್ಮಿದೇವಿ. "ರೀಲು ಹುಷಾರಾಗಿ ಹೊರಗ ತಗದು, ಬರೀ ಡಬ್ಬಿ ಯಾಕ ಸುಡಲಿ ನಾನು? ತಗದವರಿಗೆ ಅದು ಬೇಕಾಗಿತ್ತು. ನನಗ ಬೇಕಾಗಿರಲಿಲ್ಲ."

ಫ್ಯಾನು ತಿರುಗುತ್ತಿತ್ತು. ಹೊಟ್ಟೆಯಲ್ಲಿ ಹೊತ್ತುಕೊಂಡು ಬಂದ ಕೆಂಡ ಯಾರ ಮೇಲೆ ಎಸೆಯಬೇಕೆಂದು ತಿಳಿಯದೆ ಜೈತುನ್ ಬೀಯ ಕೈಯನ್ನೇ ಸುಡುತ್ತಿತ್ತು. ಈ ಹೆಂಗಸು ಕಳ್ಳಿ, ಅದರಲ್ಲಿ ಸಂಶಯವಿಲ್ಲ. ಆದರೆ ಹೇಳಿದ ಮಾತು ಸುಳ್ಳಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಫೋನು ಹೊಡೆದುಕೊಂಡಿತು. ನಯೀಮ.

ಜೈತುನ್ ಅಂಗಳಕ್ಕೆ ಬಂದು ಎತ್ತಿದಳು.

"ಫುಪ್ಪು, ಅಬ್ಬಾ ಕಣ್ಣು ಬಿಟ್ಟಾರ." ಸೋದರತ್ತೆಯ ದನಿ ಕೇಳುತ್ತಲೇ ನಯೀಮ ಅಳತೊಡಗಿದ್ದಳು. "ಮಾತೂ ಆಡಿದ್ರು. ನಿಮಗ ಹೇಳು ಅಂದ್ರು."

"ಅಲ್ಲಾ. ಏನು ಅಂದ, ಹೇಳು."

"ನನಗ ಅರ್ಥ ಆಗಲಿಲ್ಲ ಫುಪ್ಪು. ಬಾಗಿಲ ಹಾಕ್ಕೊಂಡು ಹೋದಾಕಿ ಗಾಳೆಮ್ಮ ಅಂದ್ರು. ಆಕಿ ಮ್ಯಾಲೆ ಕೇಸು ಮಾಡಬ್ಯಾಡ ಅಂತ ಜೈತುನಗ ಹೇಳು, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕುಂತ ತಪ್ಪು ನಂದು ಅಂದ್ರು. ಅಷ್ಟೇ. ಮತ್ತ ಕಣ್ಣು ಮುಚ್ಚ್ಯಾರ."

ಜೈತುನ್ ಬೀ ಪಡಸಾಲೆಯ ಕಡೆ ತಿರುಗಿದಳು. ಒಳಗೆ ಲಕ್ಷ್ಮಿದೇವಿ ಪದಕದ ಮುಂದೆ ಹಾಗೆಯೇ ಕೂತಿದ್ದು ಕಾಣುತ್ತಿತ್ತು.

"ನೀ ಎಲ್ಲಿ ನಿಂತು ಮಾತಾಡಾಕತ್ತಿ?"

"ಹೊರಗ. ವರಾಂಡದಾಗ. ಒಳಗ ಸಿಗ್ನಲ್ ಸಿಗಂಗಿಲ್ಲ."

"ನಿಮ್ಮಬ್ಬಾನ ಹತ್ರ ಯಾರು ಅದಾರ ಈಗ?"

"ಗಾಳೆಮ್ಮವ್ವ ಬಂದಾರಲ್ಲ," ಎಂದಳು ನಯೀಮ. "ಮಂಚದ ಪಕ್ಕ ಕುಂತಾರ. ಚಮಚದಲೆ ಏನೋ ಕುಡಸಾಕತ್ಯಾರ."